ಮದುವೆ ಹಾಲ್‌ನಲ್ಲಿ ಪ್ರಕಾಶ್ ಪಡುಕೋಣೆಯ ಆಟ ಕಲಿಸಿದ್ದು: ನನ್ನ ಅನುಭವ

ಗಿಡ್ಡ ಸೂರಿನ ಹಾಲ್‌ನಲ್ಲಿ ಬ್ಯಾಡ್ಮಿಂಟನ್ ಸಿಂಗಲ್ಸ್ ಆಟಗಾರರು ತಯಾರಾಗುವುದಿಲ್ಲ ಎಂದು ನನಗೆ ಹೇಳದ ಕೋಚ್ ನಮ್ಮ ಕರಾವಳಿಯಲ್ಲಿ ಬಹುಶಃ ಯಾರೂ ಇಲ್ಲ. ಕಳೆದ ವರ್ಷ ನಮ್ಮ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ರಾಜ್ಯ ಮಟ್ಟದ ಜೂನಿಯರ್ ಟೂರ್ನಿಯೊಂದರಲ್ಲಿ ಶ್ರೇಯಾಂಕದ ಇಬ್ಬರನ್ನು ಸೋಲಿಸಿ ಸೆಮಿಫೈನಲ್‌ವರೆಗೆ ಹೋದಳು. ಈಗ ಅದೇ ಕೋಚ್‌ಗಳು ಫೋನ್ ಮಾಡಿ, ಎಂತ ಮಾಡಿಸಿದಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ. ಗ್ರಿಪ್, ಫುಟ್‌ವರ್ಕ್, ಶ್ಯಾಡೋ, ಮಲ್ಟಿ ಫೀಡ್ ಇವೆಲ್ಲ ನಿಮಗೆ ಗೊತ್ತಿರುವುದೇ, ಅದರ ಪಾಠ ಇಲ್ಲಿಲ್ಲ.

ನಮ್ಮ ಹಾಲ್ ಕುಂದಾಪುರದ ಬದಿಯ ಒಂದು ಕಲ್ಯಾಣ ಮಂಟಪ. ಸೂರು ಹೆಚ್ಚೆಂದರೆ 20 ಅಡಿ, ಅದರಲ್ಲಿ ಫ್ಯಾನುಗಳು ಎರಡಡಿ ಕೆಳಗೆ ಇಳಿದಿವೆ. ಎರಡು ಕೋರ್ಟ್ ಅಡ್ಡಕ್ಕೆ ಹಿಡಿಯುತ್ತವೆ, ಹಿಂದಿನ ಗೆರೆಯಿಂದ ಗೋಡೆಗೆ ನಾಲ್ಕಡಿ ಜಾಗ. ಎತ್ತರದ ಟಾಸ್ (ಶಟಲನ್ನು ಹಿಂದಿನ ಗೆರೆಯವರೆಗೆ ಎತ್ತಿ ಹೊಡೆಯುವುದು) ಹೊಡೆದರೆ ಶಟಲ್ ಫ್ಯಾನಿನ ರೆಕ್ಕೆಗೆ ಬಡಿದು ಬೀಳುತ್ತದೆ. ಸಿಂಗಲ್ಸ್‌ಗೆ ಟಾಸೇ ಬೆನ್ನೆಲುಬು ಎನ್ನುವವರಿಗೆ ಈ ಹಾಲ್ ನೋಡಿದರೆ ತಲೆ ಅಲ್ಲಾಡಿಸುವುದು ಬಿಟ್ಟು ಬೇರೆ ಏನೂ ತೋಚುವುದಿಲ್ಲ.

ನನಗೆ ಧೈರ್ಯ ಬಂದದ್ದು ಪ್ರಕಾಶ್ ಪಡುಕೋಣೆಯವರಿಂದ. ಪಡುಕೋಣೆ ಊರು ನಮ್ಮಿಂದ ದೂರವಿಲ್ಲ, ಸೌಪರ್ಣಿಕಾ ನದಿಯ ಬದಿಗಿದೆ. ನಮ್ಮ ಕಡೆ ಅವರ ಹೆಸರು ಹೇಳಿ ಹೆಮ್ಮೆಪಡದ ಮನೆ ಇಲ್ಲ. ಅವರ ಆಟವನ್ನು ಮಾತ್ರ ಯಾರೂ ಮಕ್ಕಳಿಗೆ ಕಲಿಸುತ್ತಿಲ್ಲ. ಪ್ರಕಾಶ್ ಕಲಿತದ್ದು ಎಲ್ಲಿ? ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ. ಅದೂ ಮದುವೆ ನಡೆಯುವ ಹಾಲೇ. ಮದುವೆ ಇದ್ದ ದಿನ ಆಟ ಇಲ್ಲ. ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದವರು, ಮಗನಿಗೆ ಆಟ ಹಚ್ಚಿದವರೂ ಅವರೇ. 1962ರಲ್ಲಿ ರಾಜ್ಯ ಜೂನಿಯರ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋತ ಏಳು ವರ್ಷದ ಹುಡುಗ, ಎರಡು ವರ್ಷ ಬಿಟ್ಟು ಅದೇ ಟೂರ್ನಿ ಗೆದ್ದ. ಮದುವೆ ಹಾಲಿನಿಂದ ಹೊರಟವರು 1980ರಲ್ಲಿ ವೆಂಬ್ಲಿಯಲ್ಲಿ ಬ್ಯಾಡ್ಮಿಂಟನ್‌ನ ಅತಿ ಹಳೆಯ ದೊಡ್ಡ ಟೂರ್ನಿಯಾದ ಆಲ್ ಇಂಗ್ಲೆಂಡ್ ಕಪ್ ಎತ್ತಿದರು ಎಂದಮೇಲೆ ನಮ್ಮ ಹಾಲಿಗೆ ಏನು ಕೊರತೆ?

ಆ ಫೈನಲ್‌ನ ಮಸುಕು ವಿಡಿಯೋ ಯೂಟ್ಯೂಬಿನಲ್ಲಿ ಸಿಗುತ್ತದೆ. ನಾನು ಅದನ್ನು ನಿಧಾನ ವೇಗದಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಎದುರಿಗೆ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. 1978, 1979 ಎರಡೂ ವರ್ಷದ ಚಾಂಪಿಯನ್, ಹಾರಿ ಸ್ಮ್ಯಾಶ್ ಹೊಡೆಯುವುದರಲ್ಲಿ ಆ ಕಾಲದ ರಾಜ. ಪ್ರಕಾಶ್ ಗೆದ್ದದ್ದು 15-3, 15-10ರಲ್ಲಿ. ಸ್ಕೋರ್ ನೋಡಿದವರು ಕಿಂಗ್ ಅವತ್ತು ಸರಿಯಾಗಿ ಆಡಲಿಲ್ಲ ಎನ್ನುತ್ತಾರೆ. ಕಿಂಗ್‌ಗೆ ಆಡಲು ಬಿಡಲಿಲ್ಲ ಎನ್ನುವುದೇ ಸರಿ. ಹಾರಿ ಹೊಡೆಯಲು ಬೇಕಾದ ಎತ್ತರದ ಶಟಲ್ ಅವರಿಗೆ ಸಿಕ್ಕಿದ್ದೇ ಅಪರೂಪ. ಸಿಕ್ಕಾಗಲೂ ಕಾಲು ಸರಿಯಾದ ಜಾಗದಲ್ಲಿ ಇರಲಿಲ್ಲ. ಪ್ರಕಾಶರ ರ‍್ಯಾಕೆಟ್ ಬೇಗ ಮೇಲೆ ಹೋಗಿ ಅಲ್ಲೇ ನಿಂತಿರುತ್ತದೆ. ನೆಟ್ಟಿನ ಹತ್ತಿರ ಮೆಲ್ಲಗೆ ಬೀಳಿಸುವ ಡ್ರಾಪ್, ಪೂರ್ತಿ ಬಲ ಹಾಕದ ಹಾಫ್ ಸ್ಮ್ಯಾಶ್, ಟಾಸ್ ಮೂರಕ್ಕೂ ಭುಜ ಒಂದೇ, ತೋಳು ಒಂದೇ. ಬೆರಳು ಮಾತ್ರ ಬೇರೆ.

ನನ್ನ ಇಡೀ ಪದ್ಧತಿ ಇದರ ಮೇಲೆ ನಿಂತಿದೆ. ಹೊಡೆಯುವ ಮೊದಲು ಹೀಗೆ ಕಾದು ನಿಲ್ಲುವುದನ್ನು ಮಕ್ಕಳು ‘ಹೋಲ್ಡ್’ ಎನ್ನುತ್ತಾರೆ. ನಮ್ಮಲ್ಲಿ ಸೇರಿದ ಮಗು ಮೊದಲ ನಾಲ್ಕೈದು ತಿಂಗಳು ಪೂರ್ತಿ ಬಲದ ಸ್ಮ್ಯಾಶ್ ಹೊಡೆಯುವಂತಿಲ್ಲ. ಆಚೆ ಕೋರ್ಟಿನಲ್ಲಿ ನಾನು ನಿಲ್ಲುತ್ತೇನೆ, ಮಗುವಿಗೆ ಶಟಲ್ ಎತ್ತಿ ಕೊಡುತ್ತೇನೆ. ಮಗು ರ‍್ಯಾಕೆಟ್ ಎತ್ತಿ ಕಾಯಬೇಕು. ಶಟಲ್ ಹೊಡೆಯುವ ಎತ್ತರಕ್ಕೆ ಇಳಿಯುವ ಹೊತ್ತಿಗೆ ನಾನು ಎಡಕ್ಕೋ ಬಲಕ್ಕೋ ಒಂದು ಹೆಜ್ಜೆ ಇಡುತ್ತೇನೆ, ಮಗು ಅದರ ವಿರುದ್ಧ ದಿಕ್ಕಿಗೆ ಆಡಬೇಕು. ನಾನು ಕಾಲು ಎತ್ತುವ ಮೊದಲೇ ಹೊಡೆದರೆ, ಎಷ್ಟು ಚಂದದ ಡ್ರಾಪ್ ಆದರೂ, ಪಾಯಿಂಟ್ ಇಲ್ಲ. ಎದುರಾಳಿ ಸ್ಪ್ಲಿಟ್ ಸ್ಟೆಪ್, ಅಂದರೆ ಓಡಲು ತಯಾರಾಗುವ ಸಣ್ಣ ಜಿಗಿತ, ಹಾಕುವುದು ನೀವು ಹೊಡೆಯುವ ಕ್ಷಣಕ್ಕೆ ಸರಿಯಾಗಿ. ನೀವು ಕಣ್ಣೆವೆ ಮುಚ್ಚುವಷ್ಟು ತಡಮಾಡಿದರೆ ಅವನ ಪಾದ ಆಗಲೇ ನೆಲಕ್ಕೆ ಊರಿರುತ್ತದೆ, ಮತ್ತೆ ಏಳಲು ಅರ್ಧ ಹೆಜ್ಜೆಯ ಸಮಯ ಬೇಕು. ಆ ಅರ್ಧ ಹೆಜ್ಜೆಯನ್ನು ಕದಿಯಲು ಕಲಿತ ಮಗುವಿಗೆ ಬಲ ಕಡಿಮೆ ಇದ್ದರೂ ನಡೆಯುತ್ತದೆ.

ಗಿಡ್ಡ ಸೂರು ವರವಾದದ್ದು ಇಲ್ಲಿ. ಎತ್ತರದ ಟಾಸ್ ಇಲ್ಲದ್ದರಿಂದ ಮಕ್ಕಳು ಫ್ಯಾನಿನ ಕೆಳಗಿಂದ ಹೋಗುವ ಚಪ್ಪಟೆ ಟಾಸನ್ನೇ ಆಡಬೇಕು. ಚಪ್ಪಟೆ ಟಾಸಿನ ತೊಂದರೆ ಎಲ್ಲರಿಗೂ ಗೊತ್ತು, ಎದುರಾಳಿ ನಡುವೆಯೇ ಹಿಡಿದು ಹೊಡೆದುಬಿಡುತ್ತಾನೆ. ಅವನ ಕಾಲು ನೆಲಕ್ಕೆ ಅಂಟಿದ್ದರೆ ಮಾತ್ರ ಅದು ತಲೆ ಮೇಲಿಂದ ದಾಟುತ್ತದೆ. ಅಂದರೆ ಹೋಲ್ಡ್ ಮಾಡದೆ ನಮ್ಮ ಹಾಲಿನಲ್ಲಿ ಯಾರೂ ಒಂದು ಪಾಯಿಂಟನ್ನೂ ಗೆಲ್ಲಲಾರರು. ಎತ್ತರದ ಹಾಲಿನ ಮಕ್ಕಳು ಕಷ್ಟ ಬಂದಾಗ ಮೇಲಕ್ಕೆ ಎತ್ತಿ ಉಸಿರು ಬಿಡುತ್ತಾರೆ. ನಮ್ಮ ಮಕ್ಕಳಿಗೆ ಆ ದಾರಿ ಇಲ್ಲ, ಹಾಗಾಗಿ ಕೈ ಹರಿತವಾಗುತ್ತದೆ.

ನೆಟ್ಟಿನ ಮೇಲೆ ಸುಮಾರು ಒಂದೂಕಾಲು ಅಡಿ ಎತ್ತರದಲ್ಲಿ ಒಂದು ಹಗ್ಗ ಕಟ್ಟುತ್ತೇನೆ. ಹಾಫ್ ಸ್ಮ್ಯಾಶ್, ಡ್ರಾಪ್ ಎರಡೂ ನೆಟ್ಟಿಗೂ ಹಗ್ಗಕ್ಕೂ ನಡುವೆ ಹೋಗಬೇಕು. ಶುರುವಿನಲ್ಲಿ ಹತ್ತಕ್ಕೆ ಎರಡು ಹೋಗುತ್ತವೆ, ಎಂಟು ತಿಂಗಳಲ್ಲಿ ಹತ್ತಕ್ಕೆ ಏಳು. ಹಾಫ್ ಸ್ಮ್ಯಾಶಿಗೆ ಮುಕ್ಕಾಲು ಬಲವೂ ಬೇಡ, ಶಟಲನ್ನು ಸ್ವಲ್ಪ ಸೀಳಿದಂತೆ ಹೊಡೆದರೆ ಸೈಡ್ ಲೈನಿನ ಹತ್ತಿರ, ಸರ್ವೀಸ್ ಲೈನಿಗಿಂತ ಒಂದೆರಡು ಅಡಿ ಆಚೆ ಬೀಳುತ್ತದೆ. ಸೀಳುವಾಗ ಹೆಬ್ಬೆರಳು ಎಲ್ಲಿರಬೇಕು ಎನ್ನುವುದಕ್ಕೆ ನನ್ನದೇ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಮಕ್ಕಳು ಇನ್ನೂ ನಿಮ್ಮ ಮಕ್ಕಳ ಎದುರು ಆಡಬೇಕಿದೆ.

ಈಗ ಸೋಲುಗಳ ಕಥೆ. ಮೊದಲ ವರ್ಷ ಉಡುಪಿಯ ಅಜ್ಜರಕಾಡಿನ ಟೂರ್ನಿಗೆ ಆರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಆರೂ ಮಕ್ಕಳು ಮೊದಲ ಸುತ್ತಿನಲ್ಲೇ ಹೊರಗೆ, ಅದೂ 21-6, 21-8 ಈ ರೀತಿ. ಎದುರಿನವರು ಎತ್ತರದ ಸರ್ವೀಸ್ ಕೊಟ್ಟರು. ನೆಟ್ಟಗೆ ಮೇಲಿಂದ ಬೀಳುವ ಶಟಲನ್ನು ನಮ್ಮ ಮಕ್ಕಳು ಜನ್ಮದಲ್ಲಿ ನೋಡಿರಲಿಲ್ಲ, ಕೆಲವರು ಗಾಳಿಯನ್ನೇ ಹೊಡೆದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಒಬ್ಬ ಹುಡುಗನ ತಂದೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಮಾಷ್ಟ್ರೇ, ಮಕ್ಳಿಗೆ ಒಂದ್ ಸ್ಮ್ಯಾಶ್ ಹೊಡುಕ್ ಬತ್ತಿಲ್ಲ ಅಲ್ದಾ? ಬರೀ ಮುಟ್ಟುಕ್ ಕಲ್ಸಿರೆ ಎಂತ ಪ್ರಯೋಜ್ನ?” ಮರುತಿಂಗಳು ಅವರು ಮಗನನ್ನು ಬಿಡಿಸಿದರು. ಅವರ ಹಿಂದೆ ಇನ್ನೂ ಆರೇಳು ಮಂದಿ ಹೋದರು.

ಎತ್ತರದ ಶಟಲ್ ಅಭ್ಯಾಸಕ್ಕೆ ಶಾಲೆಯ ಮೈದಾನ ಹಿಡಿದೆವು. ಕರಾವಳಿಯಲ್ಲಿ ಬೆಳಿಗ್ಗೆ ಏಳೂವರೆ ಎಂಟರ ತನಕ ಗಾಳಿ ಸುಮ್ಮನಿರುತ್ತದೆ, ಆಮೇಲೆ ಕಡಲ ಗಾಳಿ ಏಳುತ್ತದೆ. ಅಷ್ಟರೊಳಗೆ ಹಳೆಯ ಶಟಲ್‌ಗಳಲ್ಲಿ ನಾನು ಎತ್ತರದ ಸರ್ವೀಸ್ ಹಾಕುವುದು, ಮಕ್ಕಳು ಕೆಳಗೆ ಹೋಗಿ ನಿಂತು ರ‍್ಯಾಕೆಟ್ ಎತ್ತಿ ಕಾಯುವುದು. ಎರಡು ಬೇಸಿಗೆ ಹೀಗೆ ಮಾಡಿದ ಮೇಲೆ ಆ ಭಯ ಹೋಯಿತು. ತಿಂಗಳಿಗೆ ಎರಡು ಭಾನುವಾರ ಉಡುಪಿಗೆ ಹೋಗಿ ಎತ್ತರದ ಹಾಲಿನಲ್ಲಿ ಆಡಿಸುವುದನ್ನೂ ಸೇರಿಸಿದೆ.

ದುಡ್ಡಿನ ಮಾತು. ಹಾಲಿಗೆ ಬೆಳಿಗ್ಗೆ, ಸಂಜೆ ಸೇರಿ ತಿಂಗಳಿಗೆ 9,000 ಬಾಡಿಗೆ, ಮದುವೆ ಇದ್ದರೆ ನಮಗೆ ಜಾಗ ಇಲ್ಲ, ಬಾಡಿಗೆ ಕಡಿತವೂ ಇಲ್ಲ. ನೆಲ ನುಣುಪು ಟೈಲ್ಸ್, ಹಾಗೇ ಆಡಿಸಿದರೆ ಮೊಣಕಾಲು ಹೋಗುತ್ತದೆ. ಮುಚ್ಚಿಹೋದ ಒಂದು ಕೋರ್ಟಿನಿಂದ ಹಳೆಯ ಸಿಂಥೆಟಿಕ್ ಮ್ಯಾಟ್ ತಂದೆ, ಎರಡು ಕೋರ್ಟಿಗೆ ಸಾಗಾಟ ಸೇರಿ ಎರಡೂಕಾಲು ಲಕ್ಷದ ಹತ್ತಿರ ಬಿತ್ತು. ಚೀಟಿ ಎತ್ತಿ ಕೊಟ್ಟೆ. ಮದುವೆ ಬಂದಾಗಲೆಲ್ಲ ಮ್ಯಾಟ್ ಸುತ್ತಿ ಗೋಡೆಗೆ ನಿಲ್ಲಿಸಬೇಕು, ಮರುದಿನ ಮತ್ತೆ ಹಾಸಬೇಕು. ಅದಕ್ಕೆ ಮೊದಲು ಗುಡಿಸುವುದು. ಅಕ್ಷತೆ ಕಾಳು ಎಲ್ಲೆಲ್ಲಿ ಸೇರಿಕೊಳ್ಳುತ್ತದೆ ಎಂದು ಗುಡಿಸಿದವರಿಗೇ ಗೊತ್ತು. ಟೈಲ್ಸ್ ಸಂದಿಯಲ್ಲಿ, ಕಂಬದ ಬುಡದಲ್ಲಿ, ಮ್ಯಾಟಿನ ಅಂಚಿನ ಕೆಳಗೆ. ಒಂದು ಕಾಳು ಶೂ ಅಡಿಗೆ ಸಿಕ್ಕರೆ ಲಂಜ್ ಹಾಕುವಾಗ, ಅಂದರೆ ಒಂದು ಕಾಲನ್ನು ಉದ್ದಕ್ಕೆ ಮುಂದೆ ಚಾಚುವಾಗ, ಕಾಲು ಜಾರಿ ತೊಡೆಸಂದಿನ ಸ್ನಾಯು ಎಳೆಯುತ್ತದೆ. ಹೀಗೆ ಒಬ್ಬ ಹುಡುಗ ಎರಡು ತಿಂಗಳು ಮಲಗಿದ. ಈಗ ಮೊದಲು ಪೊರಕೆ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಬರಿಗಾಲಿನಲ್ಲಿ ಇಡೀ ಹಾಲ್ ಒಮ್ಮೆ ನಡೆಯುವುದು. ಬರಿಗಾಲಿಗೆ ಸಿಗದ ಕಾಳು ಇಲ್ಲ.

ಶಟಲಿಗೆ ತಿಂಗಳಿಗೆ 12ರಿಂದ 14 ಸಾವಿರ. ಈಚೆಗೆ ಗರಿ ಶಟಲಿನ ಬೆಲೆ ಏರಿದ ಮೇಲೆ ಇನ್ನೂ ಜಾಸ್ತಿ. ಫೀಸು ಒಬ್ಬರಿಗೆ 1,200, ಒಳ್ಳೆಯ ತಿಂಗಳಲ್ಲಿ 22–24 ಮಕ್ಕಳು, ಕೆಟ್ಟ ತಿಂಗಳಲ್ಲಿ ಹನ್ನೆರಡು. ಮೊದಲ ಮೂರು ವರ್ಷದಲ್ಲಿ ಹೆಚ್ಚುಕಡಿಮೆ ಮೂರು ಲಕ್ಷ ಕೈಯಿಂದ ಹೋಗಿದೆ. ಸಹಕಾರಿ ಸಂಘದ ಸಂಬಳ ಇದ್ದದ್ದಕ್ಕೆ ಬದುಕಿದೆ. ನಾಲ್ಕನೆಯ ವರ್ಷದಿಂದ ಖರ್ಚು ಸರಿದೂಗುತ್ತಿದೆ. ಬರೀ ಕೋಚಿಂಗನ್ನೇ ನಂಬಿ ಇದಕ್ಕೆ ಇಳಿಯಬೇಡಿ.

ವರ್ಷದಲ್ಲಿ ನಮ್ಮ ಸುಗ್ಗಿ ಎಂದರೆ ಆಸಾಡಿ, ಅಂದರೆ ಆಷಾಢ. ಮದುವೆ ಇಲ್ಲ, ಹೊರಗೆ ಧೋ ಎಂದು ಮಳೆ, ಹಾಲ್ ಪೂರ್ತಿ ನಮ್ಮದು. ಬೇರೆ ಕಡೆಯವರು ರಜೆ ಮಾಡುವಾಗ ನಮ್ಮ ಮಕ್ಕಳು ದಿನಕ್ಕೆ ಎರಡು ಹೊತ್ತು ಆಡುತ್ತಾರೆ. ತೊಂದರೆ ಎಂದರೆ ತೇವ. ಗರಿ ತೇವ ಕುಡಿದು ಶಟಲ್ ಓಡುವುದೇ ಇಲ್ಲ. ಬೇರೆ ಊರಿನವರು ಗರಿ ಮುರಿಯಬಾರದೆಂದು ಶಟಲಿಗೆ ಹಬೆ ಹಿಡಿಯುತ್ತಾರೆ, ನಮಗೆ ಅದರ ಉಲ್ಟಾ ಸಮಸ್ಯೆ. ಡಬ್ಬಿಯಲ್ಲಿ ಅಕ್ಕಿ ಹಾಕಿ ಅದರಲ್ಲಿ ಟ್ಯೂಬ್ ಬಾಯಿ ತೆರೆದು ಇಟ್ಟು ನೋಡಿದೆ. ತೇವ ಹೋಯಿತು, ಆದರೆ ನಾಲ್ಕು ಹೊಡೆತಕ್ಕೆ ಗರಿ ಕಡ್ಡಿಯಂತೆ ಮುರಿಯಿತು. ಎರಡು ಟ್ಯೂಬ್ ಹಾಳಾದ ಮೇಲೆ ಬಿಟ್ಟೆ. ಮಳೆಗಾಲಕ್ಕೆ ಒಂದು ನಂಬರ್ ಹೆಚ್ಚಿನ ವೇಗದ ಶಟಲ್ ತರಿಸುವುದೇ ಸರಿ, 76 ಆಡುವ ಕಡೆ 77.

ಇನ್ನೊಂದು ಪ್ರಯೋಗ ಮರದ ರ‍್ಯಾಕೆಟ್. ನೆಂಟರ ಮನೆಯ ಅಟ್ಟದಲ್ಲಿ ಎರಡು ಸಿಕ್ಕವು, ಮರ ಬಾಗದಂತೆ ಹಿಡಿದಿಡುವ ಪ್ರೆಸ್ಸಿನ ಸಮೇತ. ಈಗಿನ ಕಾರ್ಬನ್ ರ‍್ಯಾಕೆಟಿನ ಮುಂದೆ ಅವು ಒಂದೂವರೆ ಪಟ್ಟು ತೂಕ. ಗಟ್ಟಿಂಗ್ (ತಂತಿ) ಹೊಸದಾಗಿ ಹಾಕಿಸಿ, ತೀರಾ ಸಡಿಲ, 15–16 ಪೌಂಡ್ ಇರಬಹುದು, ನೆಟ್ಟಿನ ಹತ್ತಿರ ಶಟಲನ್ನು ಮೆಲ್ಲಗೆ ತಟ್ಟುವ ಡ್ರಿಬಲ್ ಆಡಿಸಿದೆ. ಬೆರಳಿನ ಹಿಡಿತಕ್ಕೆ ತುಂಬಾ ಒಳ್ಳೆಯದು, ರ‍್ಯಾಕೆಟ್ ಭಾರ ಇರುವುದರಿಂದ ಮಗು ಮಣಿಕಟ್ಟನ್ನು ಎಸೆಯುವುದು ನಿಲ್ಲುತ್ತದೆ. ಹಿಂದಿನ ಕೋರ್ಟಿನಿಂದ ಹೊಡೆಸಬೇಡಿ, ಒಬ್ಬಳಿಗೆ ಭುಜ ನೋವು ಬಂತು. ಹನ್ನೆರಡು ದಾಟಿದವರಿಗೆ, ನೆಟ್ ಹತ್ತಿರ, ಹತ್ತು ನಿಮಿಷ, ಅಷ್ಟೇ.

ಹಳೆಯ ಸ್ಕೋರ್ ಪದ್ಧತಿಯ ಪ್ರಯೋಗ ಇದಕ್ಕಿಂತ ದೊಡ್ಡ ಫಲ ಕೊಟ್ಟಿತು. 2006ರಿಂದ ಪ್ರತಿ ರ‍್ಯಾಲಿಗೂ ಪಾಯಿಂಟ್, 21ಕ್ಕೆ ಗೇಮ್. ಪ್ರಕಾಶರ ಕಾಲದಲ್ಲಿ ಸರ್ವೀಸ್ ಕೈಯಲ್ಲಿದ್ದರೆ ಮಾತ್ರ ಪಾಯಿಂಟ್, ಪುರುಷರಿಗೆ 15ಕ್ಕೆ ಗೇಮ್. ಶನಿವಾರ ನಾನು ಹಳೆಯ ಲೆಕ್ಕದಲ್ಲೇ ಆಡಿಸುತ್ತೇನೆ. ರ‍್ಯಾಲಿ ಗೆದ್ದರೂ ಸರ್ವೀಸ್ ಮಾತ್ರ ಸಿಗುತ್ತದೆ, ಪಾಯಿಂಟ್ ಸಿಗಬೇಕಾದರೆ ಮತ್ತೊಂದು ಗೆಲ್ಲಬೇಕು. ಅವಸರದ ಮಕ್ಕಳು ಮೊದಮೊದಲು ಅತ್ತೇಬಿಟ್ಟರು, ಒಂದು ಗೇಮ್ ಮುಕ್ಕಾಲು ಗಂಟೆ ಎಳೆದದ್ದೂ ಉಂಟು. 1981ರಲ್ಲಿ ಕ್ವಾಲಾಲಂಪುರದ ವಿಶ್ವಕಪ್ ಫೈನಲ್‌ನಲ್ಲಿ ಪ್ರಕಾಶ್ ಚೀನಾದ ಹಾನ್ ಜಿಯಾನ್ ಮೇಲೆ 15-0, 18-16ರಲ್ಲಿ ಗೆದ್ದರು ಎಂದು ಮಕ್ಕಳಿಗೆ ಹೇಳುತ್ತೇನೆ. ಸರ್ವೀಸ್ ಇದ್ದಾಗ ಮಾತ್ರ ಪಾಯಿಂಟ್ ಬರುವ ಲೆಕ್ಕದಲ್ಲಿ 15-0 ಎಂದರೆ ಏನು ಎನ್ನುವುದು, ಶನಿವಾರ ಆಡಿದ ಮಗುವಿಗೆ ಮಾತ್ರ ಅರ್ಥವಾಗುತ್ತದೆ. ಎರಡನೆಯ ಗೇಮ್ 18-16ಕ್ಕೆ ಹೋದಾಗಲೂ ಅವರು ತಮ್ಮ ಆಟ ಬಿಡಲಿಲ್ಲ ಎನ್ನುವುದನ್ನು ನಾನು ಅದಕ್ಕಿಂತ ದೊಡ್ಡದು ಎಂದು ಹೇಳುತ್ತೇನೆ.

ಪ್ರಕಾಶರ ಆಟ ಬರೀ ಮೆದುಕೈಯ ಆಟ ಎಂದು ತಿಳಿದವರಿಗೆ ಒಂದು ಮಾತು. 1971ರ ಸುಮಾರಿಗೆ ಅವರು ತಮ್ಮ ಆಟವನ್ನೇ ಬದಲಿಸಿ ಆಕ್ರಮಣಕ್ಕೆ ಇಳಿದರು. ಆಮೇಲೆ ಜೂನಿಯರ್ ಪ್ರಶಸ್ತಿಯ ಜೊತೆಗೇ ರಾಷ್ಟ್ರೀಯ ಸೀನಿಯರ್ ಪ್ರಶಸ್ತಿಯನ್ನೂ ಗೆದ್ದು, ಅದನ್ನು ಒಟ್ಟು ಸತತ ಒಂಬತ್ತು ಸಲ ತಮ್ಮದಾಗಿಸಿಕೊಂಡರು. 1978ರಲ್ಲಿ ಎಡ್ಮಂಟನ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ, 1980ರಲ್ಲಿ ಡೆನ್ಮಾರ್ಕ್, ಸ್ವೀಡನ್, ಆಲ್ ಇಂಗ್ಲೆಂಡ್ ಮೂರೂ. ಹೊಡೆಯಲು ಬರುವವನು ಹೊಡೆಯದೆ ನಿಂತರೆ ಮಾತ್ರ ಎದುರಾಳಿಗೆ ಅನುಮಾನ ಬರುತ್ತದೆ. ಹಾಗಾಗಿ ಹೋಲ್ಡ್ ಬಂದ ಮೇಲೆ ಸ್ಮ್ಯಾಶ್ ಕಲಿಸಲೇಬೇಕು, ಎರಡನೆಯ ವರ್ಷ ನಾನು ಅದನ್ನು ಬಿಡದೆ ಮಾಡಿಸುತ್ತೇನೆ. ಮೊದಲು ಹೊಡೆತ ಕಲಿತವರಿಗೆ ಆಮೇಲೆ ಕಾಯುವುದನ್ನು ಕಲಿಸಲು ಹೋಗಿ ಕೈಸೋತದ್ದನ್ನು ಬೇರೆ ಕಡೆ ತುಂಬಾ ನೋಡಿದ್ದೇನೆ.

ಜೊತೆ ಆಟಗಾರರ ಸಮಸ್ಯೆ ಎಲ್ಲ ಸಣ್ಣ ಊರಿನದು. ಪ್ರಕಾಶ್ ಆಲ್ ಇಂಗ್ಲೆಂಡ್ ಗೆದ್ದ ಮೇಲೆ ಡೆನ್ಮಾರ್ಕಿಗೆ ಹೋಗಿ ಅಲ್ಲಿಯ ಕ್ಲಬ್ಬಿನಲ್ಲಿ ಆಡಿದರು. ದಿನಾ ಡೆನ್ಮಾರ್ಕಿನ ಚಾಂಪಿಯನ್ ಮಾರ್ಟನ್ ಫ್ರಾಸ್ಟ್ ಅಂಥವರ ಮಟ್ಟದ ಆಟ ಸಿಗುವುದು ಅಂಥ ಕಡೆಯೇ. ನಮ್ಮ ಮಕ್ಕಳಿಗೆ ಡೆನ್ಮಾರ್ಕ್ ಎಲ್ಲಿಂದ ತರುವುದು? ಪೇಟೆಯ ಹಿರಿಯರನ್ನು ಕರೆದೆ. ಬ್ಯಾಂಕಿನಿಂದ ನಿವೃತ್ತರಾದವರು, ಅಂಗಡಿಯವರು, ಒಬ್ಬರು ವಕೀಲರು. ಐವತ್ತು ದಾಟಿದವರು, ಓಡಲಾರರು, ಆದರೆ ಕೈಯಲ್ಲಿ ಮೂವತ್ತು ವರ್ಷದ ಡಬಲ್ಸ್ ಇದೆ. ಅರ್ಧ ಕೋರ್ಟಿನಲ್ಲಿ ಅವರ ಎದುರು ಸಿಂಗಲ್ಸ್ ಆಡಿಸಿದರೆ ನಮ್ಮ ಚುರುಕು ಮಕ್ಕಳು ಸುಸ್ತು. ಹಿರಿಯರು ಮೋಸ ಮಾಡುವ ಡ್ರಾಪುಗಳನ್ನು ಯಾವ ಕೋಚಿಂಗ್ ಪುಸ್ತಕದಲ್ಲೂ ಬರೆದಿಲ್ಲ. ಅವರಿಗೆ ನಾನು ಕೊಡುವುದು ವಾರಕ್ಕೆ ಒಂದು ಟ್ಯೂಬ್ ಶಟಲ್, ಆಟ ಮುಗಿದ ಮೇಲೆ ಚಹಾ. ಈ ಪದ್ಧತಿಯಲ್ಲಿ ಅತಿ ಕಡಿಮೆ ಖರ್ಚಿನ ಭಾಗ ಇದೇ, ಅತಿ ಹೆಚ್ಚು ಫಲ ಕೊಟ್ಟದ್ದೂ ಇದೇ.

ಬೆಂಗಳೂರಿಗೆ ಮೊದಲ ಸಲ ಹೋದಾಗ ಬೇರೊಂದು ಪೆಟ್ಟು ತಿಂದೆವು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು, ಶಟಲ್ ಓಡುತ್ತದೆ. ಇಲ್ಲಿ ಗೆರೆ ಮೇಲೆ ಬೀಳುವ ಟಾಸ್ ಅಲ್ಲಿ ಒಂದಡಿ ಹೊರಗೆ. ಮೊದಲ ಗೇಮ್ ಪೂರ್ತಿ ಔಟ್ ಹೊಡೆದೇ ಮುಗಿಯುತ್ತಿತ್ತು. ಈಗ ಹೊರಡುವ ಮೊದಲಿನ ಹತ್ತು ದಿನ ಶಟಲಿನ ವಿಷಯದಲ್ಲಿ ಒಂದು ಏರ್ಪಾಡು ಮಾಡುತ್ತೇನೆ, ಮಕ್ಕಳ ಅಳತೆ ಇಲ್ಲೇ ಬೆಂಗಳೂರಿಗೆ ಹೊಂದಿಕೊಳ್ಳುತ್ತದೆ. ಘಟ್ಟದ ಕೆಳಗಿನ ಕೋಚ್‌ಗಳು ಸ್ವಲ್ಪ ಯೋಚಿಸಿದರೆ ನಿಮಗೇ ಹೊಳೆಯುತ್ತದೆ, ನಾನು ಹೇಳುವುದಿಲ್ಲ.

ಹೋದ ವರ್ಷದ ಆ ಪಂದ್ಯ. ಎದುರಿಗೆ ಎರಡನೆಯ ಶ್ರೇಯಾಂಕದ ಹುಡುಗಿ, ನಮ್ಮವಳಿಗಿಂತ ಅರ್ಧ ಅಡಿ ಎತ್ತರ, ಸ್ಮ್ಯಾಶಿನ ಶಬ್ದ ಪಕ್ಕದ ಕೋರ್ಟಿಗೂ ಕೇಳುತ್ತಿತ್ತು. ಮೊದಲ ಗೇಮ್ 14-21ಕ್ಕೆ ಹೋಯಿತು. ಎರಡನೆಯದರಲ್ಲಿ 8-8 ಇದ್ದಾಗ ನಮ್ಮವಳಿಗೆ ಫೋರ್‌ಹ್ಯಾಂಡ್ ಮೂಲೆಯಲ್ಲಿ ಒಂದು ಗಿಡ್ಡ ಟಾಸ್ ಸಿಕ್ಕಿತು. ರ‍್ಯಾಕೆಟ್ ಮೇಲೆ ಹೋಯಿತು, ನಿಂತಿತು. ಎದುರಿನವಳು ಸ್ಮ್ಯಾಶಿಗೆ ಕಾಯುತ್ತಾ ಹಿಂದಕ್ಕೆ ಭಾರ ಹಾಕಿದಳು, ಹಿಮ್ಮಡಿ ನೆಲಕ್ಕೆ ತಾಗಿದ್ದು ನನಗೆ ಕಂಡಿತು. ಆಗ ಬಿತ್ತು ಡ್ರಾಪ್, ನೆಟ್ಟಿನಿಂದ ಒಂದಡಿ. ಅವಳು ಹೆಜ್ಜೆಯನ್ನೇ ಎತ್ತಲಿಲ್ಲ. ಮುಂದಿನ ಸಲ ಅದೇ ಜಾಗ, ಅದೇ ಭುಜ, ಈ ಸಲ ಚಪ್ಪಟೆ ಟಾಸ್ ತಲೆ ಮೇಲಿಂದ. ಅಲ್ಲಿಂದ ಆ ಹುಡುಗಿ ಪ್ರತಿ ಶಟಲಿಗೂ ಅರ್ಧ ಹೆಜ್ಜೆ ತಡ. 21-15, 21-13. ಸೆಮಿಫೈನಲ್‌ನಲ್ಲಿ ನಮ್ಮವಳು ಸೋತಳು, ದಮ್ಮು ಸಾಲಲಿಲ್ಲ, ಆ ಕೆಲಸ ಈ ವರ್ಷ ನಡೆದಿದೆ.

ಪ್ರಕಾಶ್ 1991ರಲ್ಲಿ ಆಟ ನಿಲ್ಲಿಸಿ, 1994ರಲ್ಲಿ ವಿಮಲ್ ಕುಮಾರ್ ಜೊತೆ ಬೆಂಗಳೂರಿನಲ್ಲಿ ಅಕಾಡೆಮಿ ಕಟ್ಟಿದರು. ಅಲ್ಲಿ ಪಳಗಿದ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು, 15-12, 15-6, ಚೀನಾದ ಚೆನ್ ಹಾಂಗ್ ಮೇಲೆ. ಆಟ ನಿಲ್ಲಿಸಿದ ಮೇಲೆ ಅವರು ಮಾಡಿದ ಈ ಕೆಲಸವನ್ನು ನಾನು ಅವರ ಕಪ್ಪುಗಳಷ್ಟೇ ದೊಡ್ಡದು ಎಂದು ನಂಬಿದವನು. ಆ ಮಟ್ಟದ ಸೌಕರ್ಯ ನಮಗಿಲ್ಲ, ಮಕ್ಕಳು ಹದಿನೈದು ದಾಟಿದ ಮೇಲೆ ಬೆಂಗಳೂರಿಗೋ ಹೈದರಾಬಾದಿಗೋ ಹೋಗಲೇಬೇಕು. ಹೋಗುವಾಗ ಕೈ ತಯಾರಾಗಿರಬೇಕು ಎನ್ನುವುದಷ್ಟೇ ನನ್ನ ಲೆಕ್ಕ. ಬಲ, ದಮ್ಮು ಅಲ್ಲಿ ಹಾಕುತ್ತಾರೆ. ಹದಿನಾರರ ಮೇಲೆ ಬೆರಳಿಗೆ ಕಾಯುವುದನ್ನು ಕಲಿಸುವುದು ತುಂಬಾ ಕಷ್ಟ.

ಬಸ್ಸಿನಲ್ಲಿ ಮಾತು ಹೇಳಿದ ಆ ತಂದೆ ಈಗ ಕಿರಿಯ ಮಗಳನ್ನು ತಂದು ಸೇರಿಸಿದ್ದಾರೆ. ಈ ಆಸಾಡಿಯಿಂದ ಇದೇ ಕ್ರಮದಲ್ಲಿ ಮಿಕ್ಸೆಡ್ ಡಬಲ್ಸ್ ಜೋಡಿಗಳನ್ನು ಶುರು ಮಾಡಿದ್ದೇನೆ, ಫಲ ಬಂದ ಮೇಲೆ ಬರೆಯುತ್ತೇನೆ. ನೋಡಬೇಕೆನ್ನುವ ಕೋಚ್‌ಗಳು ಶನಿವಾರ ಬೆಳಿಗ್ಗೆ ಆರಕ್ಕೆ ಬನ್ನಿ, ಆ ದಿನ ಮದುವೆ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ, ನಿಮ್ಮ ಒಬ್ಬಿಬ್ಬರು ಮಕ್ಕಳನ್ನೂ ಕರೆತನ್ನಿ. ಹಳೆಯ ಲೆಕ್ಕದಲ್ಲಿ, 15ಕ್ಕೆ, ಒಂದು ಗೇಮ್ ಆಡಿಸೋಣ.